ಬಡವರ ಉಪಾಯ ಉಳ್ಳವರ ಶೋಕಿಯಾದ ಕತೆ: ನಮ್ಮ ನಾಲ್ಕು ತಾಲೂಕು ಮತ್ತು ಅಸೆಂಬಲ್ಡ್ ಕಂಪ್ಯೂಟರ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಇತಿಹಾಸ ಅಂದಕೂಡಲೇ ನಮಗೆ ನೆನಪಾಗುವುದು 1824ರ ಕಿತ್ತೂರು ಯುದ್ಧ, ಬೈಲಹೊಂಗಲದಲ್ಲಿರುವ ಚೆನ್ನಮ್ಮನ ಸಮಾಧಿ, ಸವದತ್ತಿಯ ರಟ್ಟರು, ಯಲ್ಲಮ್ಮನ ಗುಡ್ಡ, ರಾಮದುರ್ಗದ ಸಂಸ್ಥಾನ. ಆ ಇತಿಹಾಸ ಬರೆಯುವವರು ಬಹಳ ಮಂದಿ ಇದ್ದಾರೆ. ನಾವಿಲ್ಲಿ ಬರೆಯ ಹೊರಟಿದ್ದು ಮೇಜಿನ ಕೆಳಗೆ ಧೂಳು ತಿನ್ನುತ್ತ ಕೂತಿರುವ ಒಂದು ಡಬ್ಬಿಯ ಇತಿಹಾಸ. ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರ್, ಅಂದರೆ ಜನ ಕರೆಯುವ ಹಾಗೆ 'ಅಸೆಂಬಲ್ಡ್ ಪೀಸ್'.

ಈಗೇಕೆ ಈ ವಿಷಯ? ನಮ್ಮ ಊರುಗಳಲ್ಲಿ ಡಿಪ್ಲೊಮಾ, ಬಿ.ಇ. ಓದುವ ಹುಡುಗರು 'ಗೇಮಿಂಗ್ ಪಿಸಿ' ಕೇಳುತ್ತಿದ್ದಾರೆ. ಅದೂ ಓವರ್‌ಕ್ಲಾಕ್ ಮಾಡುವಂಥದ್ದು, ಒಳಗೆ ನೀರು ಓಡುವಂಥದ್ದು, ಗಾಜಿನ ಬದಿಯಿಂದ ಬಣ್ಣಬಣ್ಣದ ದೀಪ ಕಾಣುವಂಥದ್ದು. ಲಕ್ಷದಿಂದ ಎರಡು ಲಕ್ಷದ ಮಾತು. ಒಬ್ಬರ ಮನೆಯಲ್ಲಿ ಅದು ಕಬ್ಬಿನ ಬಿಲ್ಲು, ಇನ್ನೊಬ್ಬರ ಮನೆಯಲ್ಲಿ ಹತ್ತಿಯ ಪಟ್ಟಿ, ಮತ್ತೊಬ್ಬರ ಮನೆಯಲ್ಲಿ ಮಗ್ಗದ ದುಡಿಮೆ. ಅಷ್ಟು ಹಣ ಹಾಕುವ ಮುಂಚೆ, ಈ ಓವರ್‌ಕ್ಲಾಕ್ ಮತ್ತು ನೀರಿನ ತಂಪು ಎಲ್ಲಿಂದ ಬಂದವು, ಯಾರ ಅನುಕೂಲಕ್ಕೆ ಹುಟ್ಟಿದವು, ಈಗ ಯಾರ ಅನುಕೂಲಕ್ಕೆ ನಡೆಯುತ್ತಿವೆ ಎಂದು ತಿಳಿದಿರುವುದು ಒಳ್ಳೆಯದು. ಬಿಡಿಭಾಗ ಆರಿಸುವ ಬುದ್ಧಿ ಆ ಇತಿಹಾಸದಲ್ಲೇ ಇದೆ ಎಂಬುದು ನಮ್ಮ ವಾದ.

ನೀರಿನ ತಂಪು ನಮಗೆ ಹೊಸದೇನಲ್ಲ

ಯಂತ್ರವನ್ನು ನೀರಿನಿಂದ ತಂಪು ಮಾಡುವುದನ್ನು ನಮ್ಮ ಅಜ್ಜಂದಿರು ಹಿಟ್ಟಿನ ಗಿರಣಿಯಲ್ಲೇ ನೋಡಿದ್ದರು. ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ಒಂದು ನೀರಿನ ಟ್ಯಾಂಕು ಇರುತ್ತಿತ್ತು. ಎಂಜಿನ್ನಿನ ಮೈಸುತ್ತ ಹರಿದ ನೀರು ಕಾದು, ಹಗುರಾಗಿ, ಮೇಲಿನ ಪೈಪಿನಿಂದ ಟ್ಯಾಂಕಿಗೆ ಏರುತ್ತಿತ್ತು. ತಳದ ತಣ್ಣೀರು ಕೆಳಗಿನ ಪೈಪಿನಿಂದ ಎಂಜಿನ್ನಿಗೆ ಬರುತ್ತಿತ್ತು. ಪಂಪು ಸಹ ಬೇಕಿರಲಿಲ್ಲ. ಇಂದು ಕಂಪ್ಯೂಟರಿನೊಳಗೆ ನಡೆಯುವುದೂ ಇದೇ ಕೆಲಸ, ಒಂದು ಸಣ್ಣ ಪಂಪು ಮತ್ತು ರೇಡಿಯೇಟರ್ ಸೇರಿದೆ ಅಷ್ಟೆ.

ಎಂಜಿನ್ನು ಅಂದರೆ ನಮ್ಮ ಕಡೆ ಕಿರ್ಲೋಸ್ಕರ್. ಆ ಹೆಸರಿನ ಮೂಲವೂ ನಮ್ಮ ಜಿಲ್ಲೆಯದೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಅವರು ಶುರು ಮಾಡಿದ್ದು ಸೈಕಲ್ ಅಂಗಡಿ. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. 1910ರಲ್ಲಿ ಕಾರ್ಖಾನೆ ಔಂಧ ಸಂಸ್ಥಾನದ ನೆಲಕ್ಕೆ ಹೋಗಿ ಕಿರ್ಲೋಸ್ಕರವಾಡಿ ಆಯಿತು. 1946ರಲ್ಲಿ ಪುಣೆಯಲ್ಲಿ ಅದೇ ಮನೆತನದ ಆಯಿಲ್ ಎಂಜಿನ್ ಕಂಪನಿ ಶುರುವಾಯಿತು. ದೊಡ್ಡ ಕಾರ್ಖಾನೆಯ ಬೇರು ಒಂದು ಸೈಕಲ್ ಅಂಗಡಿಯಲ್ಲಿ, ಬಿಚ್ಚಿ ಜೋಡಿಸುವ ಕೈಯಲ್ಲಿ ಇತ್ತು ಎಂಬುದನ್ನು ಇಲ್ಲಿ ನೆನಪಿಡೋಣ.

ಗಿರಣಿಯವರಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಸವಳು ನೀರು ಹಾಕಿದರೆ ಎಂಜಿನ್ನಿನೊಳಗೆ ಸುಣ್ಣದ ಹಾಗೆ ಪದರು ಕಟ್ಟುತ್ತದೆ, ನೀರು ಹರಿದರೂ ಕಾವು ಇಳಿಯುವುದಿಲ್ಲ. ಕಂಪ್ಯೂಟರಿನ ನೀರಿನ ದಾರಿ ಕೂದಲೆಳೆಯಷ್ಟು ಸಣ್ಣದು. ಅದಕ್ಕೆ ಬೋರ್‌ವೆಲ್ ನೀರು ಸುರಿದರೆ ಏನಾದೀತೆಂದು ಬೇರೆ ಹೇಳಬೇಕಿಲ್ಲ.

ಕಂಪ್ಯೂಟರ್ ಲೋಕದಲ್ಲೂ ನೀರು ಮೊದಲು ಬಂದದ್ದು ದೊಡ್ಡ ಯಂತ್ರಗಳಿಗೆ. 1960ರ ದಶಕದಲ್ಲಿ ಐಬಿಎಂ ತನ್ನ ಸಿಸ್ಟಮ್/360 ಸರಣಿಯ ಭಾರಿ ಮಾದರಿಗಳಿಗೆ ನೀರಿನ ವ್ಯವಸ್ಥೆ ಮಾಡಿತು. 1985ರ ಕ್ರೇ-2 ಯಂತ್ರವನ್ನು ವಿದ್ಯುತ್ ಹರಿಸದ ಒಂದು ವಿಶೇಷ ದ್ರವದಲ್ಲಿ ಪೂರ್ತಿ ಮುಳುಗಿಸಿಯೇ ಇಟ್ಟಿದ್ದರು. ನಮ್ಮ ದೇಶದಲ್ಲಿ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿ, 1991ರಲ್ಲಿ ಪರಮ್ 8000 ಬಂತು. 2022ರಲ್ಲಿ ಐಐಟಿ ರೂರ್ಕಿಗೆ ಬಂದ ಪರಮ್ ಗಂಗಾ ದ್ರವದಿಂದಲೇ ತಂಪಾಗುತ್ತದೆ. ಅಲ್ಲೆಲ್ಲ ನೀರು ಅನಿವಾರ್ಯ, ಏಕೆಂದರೆ ಸಾವಿರಾರು ಚಿಪ್ಪುಗಳು ಒತ್ತೊತ್ತಾಗಿ ಹಗಲೂ ರಾತ್ರಿ ದುಡಿಯುತ್ತವೆ. ಮನೆಯ ಕೋಣೆಯಲ್ಲಿ ದಿನಕ್ಕೆ ನಾಲ್ಕು ತಾಸು ನಡೆಯುವ ಒಂದು ಚಿಪ್ಪಿಗೆ ಅದೇ ಅನಿವಾರ್ಯತೆ ಇದೆಯೇ ಎಂಬುದು ಬೇರೆ ಪ್ರಶ್ನೆ.

ಬಿಡಿಭಾಗ ಬಂದ ದಾರಿ

1981ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಬಂತು. ಅದರ ಚಿಪ್ಪಿನ ವೇಗ 4.77 ಮೆಗಾಹರ್ಟ್ಸ್. ಅದರ ದೊಡ್ಡ ಗುಣ ವೇಗವಲ್ಲ, ತೆರೆದ ರಚನೆ. ಬೇರೆ ಕಂಪನಿಯ ಕಾರ್ಡು ತಂದು ಸಿಕ್ಕಿಸಬಹುದಿತ್ತು. ಆ ಒಂದು ತೀರ್ಮಾನದಿಂದ ತೈವಾನಿನ ಬೋರ್ಡು, ಕೊರಿಯಾದ ಮೆಮೊರಿ, ಅಮೆರಿಕದ ಚಿಪ್ಪು ಒಂದೇ ಡಬ್ಬಿಯಲ್ಲಿ ಕೂರುವಂತಾಯಿತು. ಸೈಕಲ್ಲಿಗೆ ಒಂದು ಕಂಪನಿಯ ಚೈನು, ಇನ್ನೊಂದರ ಸೀಟು ಹಾಕಿದ ಹಾಗೆ.

ಭಾರತದಲ್ಲಿ 1984ರ ನವೆಂಬರಿನ ಹೊಸ ಕಂಪ್ಯೂಟರ್ ನೀತಿ ಆಮದಿನ ಬಿಗಿ ಸಡಿಲಿಸಿತು. 1991ರ ಉದಾರೀಕರಣ ಬಾಗಿಲನ್ನು ಇನ್ನಷ್ಟು ತೆರೆಯಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಸರಕಿನ ಒಪ್ಪಂದಕ್ಕೆ ಸಹಿ ಹಾಕಿ, ಮುಂದಿನ ಕೆಲವು ವರ್ಷಗಳಲ್ಲಿ ಕಂಪ್ಯೂಟರ್ ಭಾಗಗಳ ಸುಂಕ ಇಳಿಸುತ್ತ ಬಂತು. ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ ಬೆಳೆದದ್ದು ಈ ಗಾಳಿಯಲ್ಲೇ. ಅಲ್ಲಿಂದ ಹುಬ್ಬಳ್ಳಿ, ಬೆಳಗಾವಿ. ಅಲ್ಲಿಂದ ನಮ್ಮ ತಾಲೂಕು ಕೇಂದ್ರಗಳು. ಬೆಳಗ್ಗಿನ ಬಸ್ಸಿಗೆ ಹೋಗಿ, ಥರ್ಮಾಕೋಲಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸಂಜೆಯ ಬಸ್ಸಿಗೆ ಬರುವುದು ಒಂದು ಕಾಲದ ರೂಢಿ.

ನಮ್ಮ ಊರುಗಳಿಗೆ ಕಂಪ್ಯೂಟರ್ ಬಂದದ್ದು ಆಟಕ್ಕಲ್ಲ, ಕೆಲಸಕ್ಕೆ. ಮೊದಲನೆಯದು ಮುದ್ರಣ. ಮೊಳೆ ಜೋಡಿಸುವ ಪ್ರೆಸ್ಸುಗಳ ಜಾಗಕ್ಕೆ ಡಿಟಿಪಿ ಬಂತು. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ ಎಲ್ಲ ಅದರಲ್ಲೇ. 1998ರಲ್ಲಿ ಬಂದ ಬರಹ, ನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಈ ಕೆಲಸವನ್ನು ಸುಲಭ ಮಾಡಿದವು. ಎರಡನೆಯದು ತಹಸೀಲ್ದಾರ ಕಚೇರಿಯ 'ಭೂಮಿ' ಯೋಜನೆ. 2000ದ ಆಸುಪಾಸಿನಲ್ಲಿ ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂದಾಗ, ಹೊಲ ಇದ್ದವರೆಲ್ಲ ಒಂದಲ್ಲ ಒಂದು ದಿನ ಆ ಕಿಟಕಿಯ ಮುಂದೆ ನಿಂತರು. ಮೂರನೆಯದು ಎಸ್‌ಟಿಡಿ ಬೂತುಗಳಿಂದ ಹುಟ್ಟಿದ ಸೈಬರ್ ಕೆಫೆ. 1995ರ ಆಗಸ್ಟ್ 15ರಂದು ದೇಶದಲ್ಲಿ ಸಾರ್ವಜನಿಕ ಇಂಟರ್‌ನೆಟ್ ಶುರುವಾಯಿತಾದರೂ, ಸಣ್ಣ ಊರಿಗೆ ಅದು ಹದವಾಗಿ ತಲುಪಿದ್ದು 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದ ಮೇಲೆ.

ಆಟ ಬಂದದ್ದು ಈ ಕೆಫೆಗಳ ಹಿಂಬದಿಯ ಕ್ಯಾಬಿನ್ನಿನಿಂದ. ರೋಡ್ ರ‍್ಯಾಷ್, ಐ.ಜಿ.ಐ., ಕೌಂಟರ್ ಸ್ಟ್ರೈಕ್, ವೈಸ್ ಸಿಟಿ. ಆಗಲೇ ಹುಡುಗರಿಗೆ ಒಂದು ಸತ್ಯ ಹೊಳೆಯಿತು: ಟೈಪ್ ಮಾಡಲು ಸಾಕಾಗುವ ಕಂಪ್ಯೂಟರ್ ಆಟಕ್ಕೆ ಸಾಕಾಗುವುದಿಲ್ಲ. ಅಲ್ಲಿಂದ 'ಗ್ರಾಫಿಕ್ ಕಾರ್ಡ್ ಐತೇನ್ರಿ?' ಎಂಬ ಪ್ರಶ್ನೆ ಶುರು.

300ನ್ನು 450 ಮಾಡಿದವರು

ಈಗ ಓವರ್‌ಕ್ಲಾಕಿಗೆ ಬರೋಣ. ಕಂಪನಿ ಹೇಳಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಚಿಪ್ಪನ್ನು ಓಡಿಸುವುದೇ ಓವರ್‌ಕ್ಲಾಕ್. ಇದು ಹುಟ್ಟಿದ್ದು ಶೋಕಿಗಲ್ಲ, ಕೊರತೆಗೆ.

ಇದರ ಪ್ರಸಿದ್ಧ ಉದಾಹರಣೆ 1998ರ ಆಗಸ್ಟಿನಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ. ಅಗ್ಗದ ಚಿಪ್ಪು. ಲೆಕ್ಕ ಸರಳ: ಬೋರ್ಡಿನ ಮೂಲ ವೇಗವನ್ನು ಚಿಪ್ಪು 4.5 ಪಟ್ಟು ಮಾಡಿಕೊಳ್ಳುತ್ತದೆ. ಮೂಲ ವೇಗ 66 ಇದ್ದರೆ 300 ಮೆಗಾಹರ್ಟ್ಸ್. ಅದೇ ಬೋರ್ಡಿನಲ್ಲಿ ಮೂಲ ವೇಗವನ್ನು 100ಕ್ಕೆ ಏರಿಸಿದರೆ 450. ಕೆಲವು ಬೋರ್ಡುಗಳಲ್ಲಿ ಇದಕ್ಕೆ ಬೇಕಾಗಿದ್ದು ಚಿಪ್ಪಿನ ಒಂದು ಪಿನ್ನನ್ನು ಮುಚ್ಚಲು ಒಂದು ಚೂರು ಟೇಪು. ಆಗ 450ರ ಪೆಂಟಿಯಂ-2 ಇದರ ಹಲವು ಪಟ್ಟು ಬೆಲೆಯದು. ಸೆಲೆರಾನಿನ ಸಣ್ಣ ಕ್ಯಾಷ್ ಮೆಮೊರಿ ಚಿಪ್ಪಿನೊಳಗೇ ಪೂರ್ತಿ ವೇಗದಲ್ಲಿ ಓಡುತ್ತಿದ್ದರಿಂದ ಆಟಗಳಲ್ಲಿ ಅದು ದುಬಾರಿ ಅಣ್ಣನ ಹೆಗಲಿಗೆ ಹೆಗಲು ಕೊಡುತ್ತಿತ್ತು. 2000ದ ಹೊತ್ತಿಗೆ ಎಎಂಡಿಯ ಡ್ಯೂರಾನ್, ಅಥ್ಲಾನ್ ಚಿಪ್ಪುಗಳ ಮೇಲೆ ಕಡಿದಿದ್ದ ಸಣ್ಣ ಗೆರೆಗಳನ್ನು ಸೀಸದ ಕಡ್ಡಿಯಿಂದ ತಿದ್ದಿ ಕೂಡಿಸಿದರೆ ಬೀಗ ತೆರೆಯುತ್ತಿತ್ತು.

ಟೇಪು ಮತ್ತು ಪೆನ್ಸಿಲ್! ಇದಕ್ಕಿಂತ ಬಡ ಹತ್ಯಾರು ಇನ್ನೊಂದಿಲ್ಲ. ಕಡಿಮೆ ದುಡ್ಡಿನ ಸಾಮಾನಿನಿಂದ ಹೆಚ್ಚು ಕೆಲಸ ತೆಗೆಯುವ ಈ ಬುದ್ಧಿ ನಮ್ಮ ಗ್ಯಾರೇಜುಗಳಿಗೆ ಅಪರಿಚಿತವಲ್ಲ. ಬುಲೆಟ್ಟಿನ ಕಾರ್ಬುರೇಟರ್ ತಿರುವಿದವರು, ಹಳೆಯ ಜೀಪಿನ ಎಂಜಿನ್ನಿನಿಂದ ನೀರೆತ್ತಿದವರು ಇದೇ ಜಾತಿಯವರು.

ಉಪಾಯ ಹೇಗೆ ಶೋಕಿ ಆಯಿತು

ಮೊದಲ ಅಡ್ಡಿ ಕಾವಿನಿಂದ ಬಂತು. ಚಿಪ್ಪು ಉಣ್ಣುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ ಶೇ. 5 ಹೆಚ್ಚಿಸಲು ವೋಲ್ಟೇಜು ಶೇ. 8 ಹೆಚ್ಚಿಸಬೇಕಾಯಿತು ಎನ್ನಿ. 1.05ನ್ನು 1.08ರಿಂದ ಎರಡು ಸಲ ಗುಣಿಸಿ: ಸುಮಾರು 1.22. ಅಂದರೆ 5ರ ಲಾಭಕ್ಕೆ 22ರ ಕಾವು. 2004ರಲ್ಲಿ ಇಂಟೆಲ್ ಇದೇ ಗೋಡೆಗೆ ಡಿಕ್ಕಿ ಹೊಡೆದು ತನ್ನ ಮುಂದಿನ ಅತಿವೇಗದ ಚಿಪ್ಪಿನ ಯೋಜನೆ ಕೈಬಿಟ್ಟಿತು. ಅದೇ ವರ್ಷ ಆ್ಯಪಲ್ ತನ್ನ ಪವರ್ ಮ್ಯಾಕ್ ಜಿ5ಗೆ ದ್ರವದ ತಂಪು ಹಾಕಿ ಅಂಗಡಿಗೆ ತಂದಿತು. ಕೆಲವು ವರ್ಷದಲ್ಲಿ ಅವುಗಳಲ್ಲಿ ಕೆಲವು ಸೋರಿದ್ದೂ ಇತಿಹಾಸವೇ.

ಎರಡನೆಯದು ವ್ಯಾಪಾರ. ಬಡವರು ಬಿಟ್ಟಿಯಾಗಿ ಪಡೆಯುತ್ತಿದ್ದ ವೇಗಕ್ಕೆ ಬೆಲೆ ಕಟ್ಟಬಹುದೆಂದು ಕಂಪನಿಗಳಿಗೆ ತಿಳಿಯಿತು. 2011ರ ಇಂಟೆಲ್ ಚಿಪ್ಪುಗಳಿಂದ ಅಗ್ಗದ ಮಾದರಿಗಳಿಗೆ ಬೀಗ ಬಿತ್ತು. 'ಕೆ' ಅಕ್ಷರ ಇದ್ದ ದುಬಾರಿ ಚಿಪ್ಪು, ಅದಕ್ಕೆ ತಕ್ಕ ದುಬಾರಿ ಬೋರ್ಡು ಎರಡೂ ಕೊಂಡವರಿಗೆ ಮಾತ್ರ ಓವರ್‌ಕ್ಲಾಕ್. 2009ರಿಂದ ಎಲ್ಲ ಕೂಡಿಸಿ ಮುಚ್ಚಿಕೊಟ್ಟ ನೀರಿನ ಕೂಲರ್ ಪೇಟೆಯಲ್ಲಿ ಜನಪ್ರಿಯವಾಯಿತು. ಆಮೇಲೆ ಗಾಜು, ಆಮೇಲೆ ದೀಪ. 2017ರಲ್ಲಿ ಬಂದ ಎಎಂಡಿಯ ರೈಜನ್ ಚಿಪ್ಪುಗಳು ಬೀಗವಿಲ್ಲದೆ ಬಂದವು ನಿಜ. ಆದರೆ ಅಷ್ಟರಲ್ಲಿ ಕಥೆ ಬೇರೆಯಾಗಿತ್ತು.

ಮೂರನೆಯದು ಅದೇ: ಇಂದಿನ ಚಿಪ್ಪು ಕಾರ್ಖಾನೆಯಿಂದಲೇ ತನ್ನನ್ನು ತಾನು ಓವರ್‌ಕ್ಲಾಕ್ ಮಾಡಿಕೊಂಡೇ ಬರುತ್ತದೆ. ಕಾವು, ಕರೆಂಟು ನೋಡಿಕೊಂಡು ಕ್ಷಣಕ್ಷಣಕ್ಕೂ ಏರುತ್ತದೆ, ಇಳಿಯುತ್ತದೆ. ಕೈಯಿಂದ ಹಿಂಡಲು ಉಳಿದದ್ದು ಅತ್ಯಲ್ಪ. ಕಂಪನಿಗಳೇ ಅತಿ ಮಾಡಿದರೆ ಏನಾಗುತ್ತದೆಂದು 2024ರಲ್ಲಿ ಕಂಡಿತು. ಇಂಟೆಲಿನ 13 ಮತ್ತು 14ನೇ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಚಿಪ್ಪುಗಳು ಅತಿ ವೋಲ್ಟೇಜಿನಿಂದ ಹದಗೆಟ್ಟು, ಕಂಪನಿ ತಿದ್ದುಪಡಿ ಹೊರಡಿಸಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಬೇಕಾಯಿತು.

ಆದ್ದರಿಂದ 1998ರಲ್ಲಿ 50 ಶೇಕಡ ವೇಗವನ್ನು ಟೇಪಿನ ಚೂರು ಕೊಟ್ಟಿತು. ಇಂದು ಶೇ. 5ರಷ್ಟು ವೇಗಕ್ಕೆ ಚಿಪ್ಪು, ಬೋರ್ಡು, ಕೂಲರ್ ಸೇರಿ ಹತ್ತಾರು ಸಾವಿರ ಹೆಚ್ಚು ಬೇಕು. ಹೆಸರು ಅದೇ ಉಳಿದಿದೆ, ಕೆಲಸ ತಿರುವುಮುರುವಾಗಿದೆ.

ನಮ್ಮ ನೆಲಕ್ಕೆ ಹೊಂದುವ ಆಯ್ಕೆ

ನಮ್ಮ ಕಡೆಯ ಹಳೆಯ ಅಸೆಂಬ್ಲರುಗಳ ಹತ್ತಿರ ಹೋಗಿ 'ಅಣ್ಣಾರ, ವಾಟರ್ ಕೂಲಿಂಗ್ ಹಾಕಿ ಕೊಡ್ರಿ' ಅಂದರೆ, 'ತಮ್ಮಾ, ಮೊದಲ ಮನ್ಯಾಗ ಅರ್ಥಿಂಗ್ ಐತೇನ್ ಹೇಳು' ಅನ್ನುತ್ತಾರೆ. ಇದು ತಮಾಷೆಯಲ್ಲ. ಬಿಡಿಭಾಗ ಆರಿಸುವ ಕ್ರಮ ನಮ್ಮಲ್ಲಿ ಗೋಡೆಯಿಂದ ಶುರುವಾಗಿ ಒಳಗೆ ಹೋಗಬೇಕು.

ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆಯೇ? ಪವರ್ ಸಪ್ಲೈ ಒಳಗಿನ ಫಿಲ್ಟರು ಭೂಮಿಗೆ ಬಿಡಬೇಕಾದ ಸಣ್ಣ ಸೋರಿಕೆ ದಾರಿ ಕಾಣದೆ ತಗಡಿನ ಮೇಲೆ ನಿಂತಿದೆ ಎಂದರ್ಥ. ಹಳೆಯ ಮಣ್ಣಿನ ಮನೆಗಳಲ್ಲಿ, ಎರಡು ಪಿನ್ನಿನ ಸಾಕೆಟ್ಟುಗಳಲ್ಲಿ ಇದು ಸಾಮಾನ್ಯ. ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸರಿಯಾದ ಅರ್ಥಿಂಗ್ ಮಾಡಿಸಿ.

ಪವರ್ ಸಪ್ಲೈ. ಪೆಟ್ಟಿಗೆಯ ಮೇಲೆ ಬರೆದ ವ್ಯಾಟ್ ನಂಬಿ ಅಗ್ಗದ್ದನ್ನು ತರಬೇಡಿ. 80 ಪ್ಲಸ್ ಗುರುತು ದಕ್ಷತೆಯದ್ದು. ಜೊತೆಗೆ 12 ವೋಲ್ಟ್ ಸಾಲಿನಲ್ಲಿ ಎಷ್ಟು ವ್ಯಾಟ್ ಸಿಗುತ್ತದೆ ಎಂದು ಲೇಬಲ್ ಓದಿ. ಇಂದಿನ ಗ್ರಾಫಿಕ್ ಕಾರ್ಡುಗಳ ತುದಿ ಮಾದರಿಗಳು ಭಯಂಕರ ಹಸಿವಿನವು: 2022ರ ಆರ್‌ಟಿಎಕ್ಸ್ 4090 450 ವ್ಯಾಟ್, 2025ರ 5090 575 ವ್ಯಾಟ್. ನಮ್ಮ ಅಗತ್ಯಕ್ಕೆ 150ರಿಂದ 220 ವ್ಯಾಟಿನ ಮಧ್ಯಮ ಕಾರ್ಡೇ ಧಾರಾಳ.

ಯುಪಿಎಸ್. 2002ರಲ್ಲಿ ಹೆಸ್ಕಾಂ ಆದ ಮೇಲೆ, ನಿರಂತರ ಜ್ಯೋತಿ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಆದರೂ ಪಂಪ್‌ಸೆಟ್ಟುಗಳು ಒಮ್ಮೆಲೇ ಶುರುವಾದಾಗ ವೋಲ್ಟೇಜು ಕುಸಿಯುವುದು, ಮುಂಗಾರು ಮಿಂಚಿಗೆ ಲೈನು ಹೋಗಿ ಬರುವುದು ನಿಂತಿಲ್ಲ. ಒಳ್ಳೆಯ ಪವರ್ ಸಪ್ಲೈಗಳು ಅಗ್ಗದ ಯುಪಿಎಸ್ಸಿನ ಒರಟು ಅಲೆಗೆ ಕೆಲವೊಮ್ಮೆ ಆಫ್ ಆಗಿಬಿಡುತ್ತವೆ. ಆದ್ದರಿಂದ 'ಪ್ಯೂರ್ ಸೈನ್ ವೇವ್' ಇದ್ದದ್ದನ್ನು ಕೇಳಿ ತನ್ನಿ.

ಚಿಪ್ಪು, ಮೆಮೊರಿ. ಆಟದ ದುಡ್ಡಿನ ಹೆಚ್ಚಿನ ಪಾಲು ಗ್ರಾಫಿಕ್ ಕಾರ್ಡಿಗೆ ಹೋಗಲಿ, ಚಿಪ್ಪು ಮಧ್ಯಮದ್ದಿರಲಿ. 2025ರ ಕೊನೆಯ ತಿಂಗಳುಗಳಿಂದ ಎಐ ಕೇಂದ್ರಗಳು ಮೆಮೊರಿಯನ್ನು ಬಾಚಿಕೊಳ್ಳುತ್ತಿರುವುದರಿಂದ ರ‍್ಯಾಮ್ ಬೆಲೆ ಏರಿದೆ. ಬೋರ್ಡಿನಲ್ಲಿ ಖಾಲಿ ಸ್ಲಾಟು ಉಳಿಯುವಂತೆ ಕೊಂಡರೆ ಬೆಲೆ ಇಳಿದಾಗ ಸೇರಿಸಬಹುದು.

ಕೂಲರ್. ನೀರು ಗಾಳಿಗಿಂತ ಎಷ್ಟೋ ಹೆಚ್ಚು ಕಾವು ಹೊರುತ್ತದೆ, ನಿಜ. ಆದರೆ ಹೊತ್ತ ಕಾವನ್ನು ಕೊನೆಗೆ ಕೋಣೆಯ ಗಾಳಿಗೇ ಬಿಡಬೇಕು. ಮಣ್ಣಿನ ಹರವಿ ಹೊರಗಿನ ಗಾಳಿಗಿಂತ ತಣ್ಣಗಿರುತ್ತದೆ, ಏಕೆಂದರೆ ಅದರ ಮೈಯಿಂದ ನೀರು ಆರಿಹೋಗುತ್ತದೆ. ಮುಚ್ಚಿದ ಪೈಪಿನ ನೀರು ಆರುವುದಿಲ್ಲ. ಹಾಗಾಗಿ ಏಪ್ರಿಲ್ ತಿಂಗಳಲ್ಲಿ ರಾಮದುರ್ಗದ ತಗಡಿನ ಮಾಡಿನ ಕೋಣೆ 38 ಡಿಗ್ರಿ ಇದ್ದರೆ, ಯಾವ ವಾಟರ್ ಕೂಲರೂ ಚಿಪ್ಪನ್ನು 38ಕ್ಕಿಂತ ಕೆಳಗೆ ತರಲಾರದು. ಎರಡು-ಮೂರು ಸಾವಿರದ ಗಾಳಿಯ ಟವರ್ ಕೂಲರು ಮಧ್ಯಮ ಚಿಪ್ಪನ್ನು ಆರಾಮಾಗಿ ಸಂಭಾಳಿಸುತ್ತದೆ. ಅದರಲ್ಲಿ ಕೆಡುವುದು ಫ್ಯಾನ್ ಒಂದೇ, ಅದು ಬೈಲಹೊಂಗಲದ ಪೇಟೆಯಲ್ಲೇ ಸಿಗುತ್ತದೆ. ನೀರಿನ ಕೂಲರಿನ ಪಂಪು ನಿಂತರೆ ಪೂರ್ತಿ ಸೆಟ್ ಬದಲಿಸಬೇಕು.

ಅಷ್ಟಾದರೂ ನೀರೇ ಬೇಕೆಂದರೆ, ವಿಡಿಯೋ ಎಡಿಟಿಂಗಿನಂಥ ದಿನವಿಡೀ ದುಡಿಯುವ ದೊಡ್ಡ ಚಿಪ್ಪಿದ್ದರೆ ಅದಕ್ಕೆ ಅರ್ಥವಿದೆ. ಆಗ ಮುಚ್ಚಿದ ಸೆಟ್ಟನ್ನೇ ತನ್ನಿ. ರೇಡಿಯೇಟರಿನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಲಿ, ಇಲ್ಲದಿದ್ದರೆ ಗಾಳಿಗುಳ್ಳೆ ಪಂಪಿಗೆ ಸೇರುತ್ತದೆ. ವಾರಂಟಿ ಐದು ವರ್ಷಕ್ಕಿಂತ ಕಡಿಮೆ ಬೇಡ. ಸೋರಿದರೆ ಉಳಿದ ಭಾಗಗಳ ನಷ್ಟ ಯಾರು ತುಂಬುತ್ತಾರೆ ಎಂದು ಬರೆಸಿಕೊಳ್ಳಿ. ಪೈಪು ಕತ್ತರಿಸಿ ತಾವೇ ಜೋಡಿಸುವವರು ತಾಮ್ರ ಮತ್ತು ಅಲ್ಯುಮಿನಿಯಂ ಬೆರೆಸಬಾರದು, ಒಂದನ್ನು ಇನ್ನೊಂದು ತಿನ್ನುತ್ತದೆ.

ಕ್ಯಾಬಿನೆಟ್. ಮುಂದೆ ಗಾಜಲ್ಲ, ಜಾಳಿಗೆ ಇರಲಿ. ತೆಗೆದು ತೊಳೆಯುವ ಧೂಳಿನ ಫಿಲ್ಟರ್ ಇರಲಿ. ಹತ್ತಿ ಜಿನ್ನಿನ ನೂಲು, ಮಗ್ಗದ ಮನೆಯ ಅರಳೆ, ಎರೆಮಣ್ಣಿನ ಧೂಳು ಇವು ರೇಡಿಯೇಟರಿನ ಸಣ್ಣ ಸಂದಿಗಳಲ್ಲಿ ಕಂಬಳಿಯ ಹಾಗೆ ಕೂರುತ್ತವೆ. ನೀರು ಚೆನ್ನಾಗಿ ಹರಿಯುತ್ತಿರುತ್ತದೆ, ಕಾವು ಮಾತ್ರ ಹೊರಗೆ ಹೋಗುವುದಿಲ್ಲ. ನೀರೆರೆಯುವ ರೂಮ್ ಕೂಲರನ್ನು ಕಂಪ್ಯೂಟರಿನ ಕಡೆ ತಿರುಗಿಸಬೇಡಿ, ಒದ್ದೆ ಗಾಳಿ ಮತ್ತು ಧೂಳು ಸೇರಿ ಕೆಸರಾಗುತ್ತದೆ.

ಕೊನೆಗೆ ಬಿಲ್ಲು. 500 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ 4 ತಾಸು ನಡೆದರೆ 2 ಯೂನಿಟ್, ತಿಂಗಳಿಗೆ 60. ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ ಎಂದು ಎಲ್ಲರೂ ಹೇಳುತ್ತಾರೆ. ವಾಸ್ತವದಲ್ಲಿ, ತೀರ ಕಡಿಮೆ ಬಳಸುವ ಮನೆಗಳನ್ನು ಬಿಟ್ಟರೆ, 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಮಾತ್ರ ಉಚಿತ. ಸರಾಸರಿ 70 ಇದ್ದ ಮನೆಗೆ 77. ಕಂಪ್ಯೂಟರ್ ಬಂದು ಬಳಕೆ 130 ಆದರೆ 53 ಯೂನಿಟ್ಟಿನ ದುಡ್ಡು ಮನೆಯವರೇ ಕಟ್ಟಬೇಕು. 200 ದಾಟಿತೋ, ಪೂರ್ತಿ ಬಿಲ್ಲು. ಇದನ್ನು ಮನೆಯ ಹಿರಿಯರಿಗೆ ಮೊದಲೇ ಹೇಳಿ.

ಡಬ್ಬಿಯ ಒಡೆತನ

ಆಟ ಆಡಬೇಡಿ ಎಂದು ನಾವು ಹೇಳುತ್ತಿಲ್ಲ. ಹಗಲು ಜಾತ್ರೆಯ ಬ್ಯಾನರು, ಮದುವೆಯ ವಿಡಿಯೋ ಮಾಡಿ ನಾಲ್ಕು ಕಾಸು ತರುವ ಡಬ್ಬಿ ರಾತ್ರಿ ಆಟವಾಡಿದರೆ ಯಾರಿಗೆ ನಷ್ಟ? ಮೊಬೈಲ್ ಸೀಲ್ ಆಗಿದೆ, ಲ್ಯಾಪ್‌ಟಾಪಿನ ಮೆಮೊರಿಯನ್ನು ಬೆಸುಗೆ ಹಾಕಿ ಕೂರಿಸುತ್ತಿದ್ದಾರೆ. ಒಂದು ಸ್ಕ್ರೂಡ್ರೈವರಿನಿಂದ ಬಿಚ್ಚಿ, ಕೆಟ್ಟದ್ದನ್ನು ತೆಗೆದು, ಒಳ್ಳೆಯದನ್ನು ಹಾಕಿ ಮತ್ತೆ ಹತ್ತು ವರ್ಷ ಓಡಿಸಬಹುದಾದ ಯಂತ್ರ ಸಾಮಾನ್ಯರ ಕೈಯಲ್ಲಿ ಉಳಿದಿರುವುದು ಇದೊಂದೇ. ಆ ಸ್ವಾತಂತ್ರ್ಯ ಐಬಿಎಂನ ತೆರೆದ ರಚನೆಯಿಂದ, ಎಸ್.ಪಿ. ರಸ್ತೆಯಿಂದ, ತಾಲೂಕಿನ ಹೆಸರಿಲ್ಲದ ರಿಪೇರಿಯವರಿಂದ ನಮಗೆ ಬಂದ ಆಸ್ತಿ.

ಅದಕ್ಕೇ ಕೊಳ್ಳುವಾಗ ಪ್ರತಿ ಭಾಗಕ್ಕೂ ಎರಡು ಪ್ರಶ್ನೆ ಕೇಳಿ. ಇದು ಕೆಟ್ಟರೆ ಇಲ್ಲಿಯೇ ಬಿಚ್ಚಬಹುದೇ? ಇದರ ಬದಲಿ ಭಾಗ ಒಂದೇ ದಿನದ ಬಸ್ಸಿನ ದಾರಿಯಲ್ಲಿ ಸಿಗುತ್ತದೆಯೇ? ಎರಡಕ್ಕೂ ಹೌದು ಎಂಬ ಉತ್ತರ ಬಂದ ಭಾಗಗಳನ್ನೇ ಪಟ್ಟಿಗೆ ಸೇರಿಸಿ, ಬಿಲ್ಲಿನಲ್ಲಿ ಒಂದೊಂದರ ಹೆಸರು, ಮಾದರಿ ಸಂಖ್ಯೆ, ವಾರಂಟಿ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ದೀಪ ಬೇಕೆನಿಸಿದರೆ ಅದನ್ನು ಆಮೇಲೆ ಹಚ್ಚಿದರಾಯಿತು.